ಫ್ರಿಜ್ಜಿಗೊಂದು ಮರದ ಚೌಕಟ್ಟು



ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಲ್ಲಿ ಯಾವುದಾದರೂ ಹೊಸ ಮನೆಯ ಅಡುಗೆಕೋಣೆಗೆ ಹೋಗಿ, ಫ್ರಿಜ್ಜಿನ ಪಕ್ಕದ ತಗಡಿಗೆ ಅಂಗೈ ಒತ್ತಿ ನೋಡಿ. ಅದು ಬೆಚ್ಚಗಿರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನವಾದರೆ ಬೆಚ್ಚಗಲ್ಲ, ಬಿಸಿ. ಹೊಸದಾಗಿ ಫ್ರಿಜ್ ಕೊಂಡ ಗೃಹಿಣಿ ಗಾಬರಿಯಾಗಿ ಅಂಗಡಿಗೆ ಫೋನ್ ಮಾಡುವುದುಂಟು: "ತಣ್ಣಗಿರಬೇಕಾದ ಪೆಟ್ಟಿಗೆ ಹೀಗೆ ಸುಡ್ತಾ ಇದೆಯಲ್ಲ?" "ಅದು ಹಾಗೇ ಇರೋದು ಮೇಡಂ" ಎಂಬ ಉತ್ತರ ಬರುತ್ತದೆ. ಉತ್ತರ ಸರಿಯಾದದ್ದೇ. ಆದರೆ ಯಾಕೆ ಹಾಗೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಮುಂದಿನ ವಾರ ಬಡಗಿ ಬರುತ್ತಾನೆ. ಆ ಬಿಸಿ ತಗಡಿನ ಎರಡೂ ಪಕ್ಕಕ್ಕೆ ತೇಗದ ಬಣ್ಣದ ಹಲಗೆ ನಿಲ್ಲಿಸಿ, ನೆತ್ತಿಯ ಮೇಲೆ ಒಂದು ಪೆಟ್ಟಿಗೆ ಕೂರಿಸಿ, ಸಂದು ಕಾಣದಂತೆ ಅಂಚಿಗೆಲ್ಲ ಬೀಡಿಂಗ್ ಹೊಡೆದು ಹೋಗುತ್ತಾನೆ. ಬಂದವರೆಲ್ಲ "ಎಷ್ಟು ಚೆನ್ನಾಗಿ ಕೂತಿದೆ!" ಎನ್ನುತ್ತಾರೆ. ಇವತ್ತಿನ ಮಾತು ಈ ಚೌಕಟ್ಟಿನ ಬಗ್ಗೆ.

ಇದು ತೀರಾ ಸಣ್ಣ ವಿಷಯ ಎನ್ನಿಸಬಹುದು. ಆದರೆ ದಕ್ಷಿಣ ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಹಳೆಯ ಮನೆ ಕೆಡವಿ ಹೊಸತು ಕಟ್ಟುವವರು, ಬಹುಮಹಡಿ ಕಟ್ಟಡಗಳಲ್ಲಿ ಮನೆ ಕೊಂಡು ಒಳಾಂಗಣ ಮಾಡಿಸುವವರು ಅಡುಗೆಮನೆಯ ಮರಗೆಲಸಕ್ಕೆ ಸುರಿಯುವ ಹಣ ಸಣ್ಣದಲ್ಲ. ಬಿಳೇಕಹಳ್ಳಿ ಒಂದು ಕಾಲಕ್ಕೆ ನಗರದ ಹೊರಗಿನ ಹಳ್ಳಿ. ಈಗ ಅಲ್ಲಿ ಆಕಾಶಕ್ಕೆ ಏರಿದ ಮನೆಗಳು. ಆ ಮನೆಗಳ ನಕ್ಷೆಯಲ್ಲೇ ಅಡುಗೆಕಟ್ಟೆಯ ಕೊನೆಗೆ ಒಂದು ಖಾಲಿ ಗೂಡು ಬಿಟ್ಟಿರುತ್ತಾರೆ. ಗೋಡೆಯಲ್ಲಿ ಒಂದು ಪ್ಲಗ್ಗು. ಅದಕ್ಕೆ 'ಫ್ರಿಜ್ ಪಾಯಿಂಟ್' ಎಂದು ಹೆಸರು. ಗೂಡಿನ ಅಳತೆ ಕಟ್ಟಿದವರದ್ದು, ಫ್ರಿಜ್ಜಿನ ಅಳತೆ ಕಾರ್ಖಾನೆಯದ್ದು. ಇವೆರಡೂ ಸರಿಹೊಂದುವುದು ಅಪರೂಪ. ಎಡಕ್ಕೆ ನಾಲ್ಕು ಬೆರಳು, ಬಲಕ್ಕೆ ಎರಡು ಬೆರಳು, ಮೇಲೆ ಒಂದು ಮೊಳ ಸಂದು ಉಳಿಯುತ್ತದೆ. ಆ ಸಂದಿನಲ್ಲಿ ದೂಳು, ಜಿರಲೆ, ಎಂದೋ ಉರುಳಿ ಹೋದ ನಿಂಬೆಹಣ್ಣು. ಕಣ್ಣಿಗೆ ಹಿತವಲ್ಲ. ಚೌಕಟ್ಟಿನ ಆಸೆ ಹುಟ್ಟುವುದು ಅಲ್ಲಿ.

ಯಂತ್ರಕ್ಕೆ ಮರದ ಅಂಗಿ ತೊಡಿಸುವ ಈ ಆಸೆ ಹೊಸದೇನೂ ಅಲ್ಲ. ಮನೆಗೆ ಬಂದ ಯಂತ್ರ ಮೊದಲಿಗೆ ಪರಕೀಯ. ಮರ ತೊಡಿಸಿದ ಮೇಲೆ ಅದು ಮನೆಯದಾಗುತ್ತದೆ. ಗೋಡೆ ಗಡಿಯಾರಕ್ಕೆ ಕೆತ್ತನೆಯ ಗೂಡು, ಹೊಲಿಗೆ ಯಂತ್ರಕ್ಕೆ ಮರದ ಮುಚ್ಚಳ, ಮರ್ಫಿ ರೇಡಿಯೋಗೆ ಮೆರುಗೆಣ್ಣೆ ಹಚ್ಚಿದ ಕವಚ, ಎಂಬತ್ತರ ದಶಕದ ಟಿ.ವಿ.ಗೆ ಎಳೆದು ಮುಚ್ಚುವ ಬಾಗಿಲಿನ ಪೆಟ್ಟಿಗೆ. ಟಿ.ವಿ. ನೋಡಿ ಮುಗಿದ ಮೇಲೆ ಬಾಗಿಲು ಎಳೆದು ಬೀಗ ಹಾಕಿ, ಪರೀಕ್ಷೆ ಮುಗಿಯುವ ತನಕ ಬೀಗದ ಕೈ ಸೆರಗಿಗೆ ಕಟ್ಟಿಕೊಂಡ ತಾಯಂದಿರನ್ನು ಅನೇಕರು ನೆನೆಯಬಹುದು.

ಫ್ರಿಜ್ಜಿಗೆ ಮಾತ್ರ ಆ ಕಾಲದಲ್ಲಿ ಮರದ ಅಂಗಿ ಬೇಕಾಗಿರಲಿಲ್ಲ. 1958ರಲ್ಲಿ ಗೋದ್ರೆಜ್ ಕಂಪನಿ ಭಾರತದಲ್ಲೇ ತಯಾರಾದ ಮೊದಲ ಫ್ರಿಜ್ಜನ್ನು ಮಾರುಕಟ್ಟೆಗೆ ತಂದಿತು. ಮುಂದೆ ಆಲ್ವಿನ್, ಕೆಲ್ವಿನೇಟರ್, ವೋಲ್ಟಾಸ್ ಹೆಸರುಗಳು ಬಂದವು. ಆಗ ಫ್ರಿಜ್ ಕೊಳ್ಳುವುದೆಂದರೆ ಬೀದಿಗೆಲ್ಲ ಸುದ್ದಿ. ಅದನ್ನು ಅಡುಗೆಮನೆಯ ಕತ್ತಲೆಗೆ ತಳ್ಳುವವರುಂಟೇ? ನಡುಮನೆಯಲ್ಲಿ, ಬಾಗಿಲಿಂದ ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ಅದು ನಿಂತಿತು. ನೆತ್ತಿಗೆ ಕ್ರೋಶ ಹೆಣೆದ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೂದಾನಿ, ಹಿಡಿಗೆ ಹೊಲಿದ ಗವುಸು. ಪಾಪ, ಅಷ್ಟೇ ಅದರ ಅಲಂಕಾರ. ಮುಂದೆ ಕಂಪನಿಯವರೇ ಬಾಗಿಲ ಮೇಲೆ ಕೆಂಪು ಹೂಬಳ್ಳಿ ಅಚ್ಚು ಹಾಕಿ ಕೊಡತೊಡಗಿದರು. ಫ್ರಿಜ್ ಎಲ್ಲರ ಮನೆಗೂ ಬಂದು, ತೋರಿಸಿಕೊಳ್ಳುವ ವಸ್ತುವಾಗಿ ಉಳಿಯದೆ ಹೋದಾಗ ಅಡುಗೆಮನೆಗೆ ಸರಿಯಿತು. ಇನ್ನೂ ಮುಂದೆ ಹೋಗಿ ಅದು ಕಾಣಿಸಲೇಬಾರದು, ಕಪಾಟಿನೊಳಗೊಂದು ಕಪಾಟಾಗಬೇಕು ಎಂಬ ರುಚಿ ಬಂದಿದೆ. ತೋರಿಸುವ ಹಂಬಲದಿಂದ ಬಚ್ಚಿಡುವ ಹಂಬಲಕ್ಕೆ ಅರ್ಧ ಶತಮಾನ ಸಾಕಾಯಿತು.

ಇಲ್ಲೊಂದು ತಮಾಷೆ ಇದೆ. 'ರೆಫ್ರಿಜರೇಟರ್' ಎಂಬ ಹೆಸರು ಹೊತ್ತ ಮೊದಲ ವಸ್ತುವೇ ಮರದ್ದು. ಅಮೆರಿಕದ ಮೇರಿಲ್ಯಾಂಡ್‌ನ ಥಾಮಸ್ ಮೂರ್ ಎಂಬ ರೈತ ತನ್ನ ಬೆಣ್ಣೆಯನ್ನು ಕರಗದಂತೆ ಸಂತೆಗೆ ಒಯ್ಯಲು ದೇವದಾರು ಜಾತಿಯ ಮರದ ತೊಟ್ಟಿಯೊಂದನ್ನು ಮಾಡಿಕೊಂಡ. ಒಳಗೆ ತಗಡಿನ ಪಾತ್ರೆ, ನಡುವೆ ಮಂಜುಗಡ್ಡೆ, ಹೊರಗೆ ಮೊಲದ ತುಪ್ಪಳದ ಹೊದಿಕೆ. 1803ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಆಮೇಲೆ ಬಂದ ಐಸ್ ಪೆಟ್ಟಿಗೆಗಳೂ ಓಕ್ ಮರದವೇ. ಒಳಗೆ ಸತುವಿನ ತಗಡು ಹೊಡೆದು ಗೋಡೆಗಳ ನಡುವೆ ಮರದ ಹೊಟ್ಟು, ಬೆಂಡು ತುಂಬುತ್ತಿದ್ದರು. 1833ರಲ್ಲಿ ಬೋಸ್ಟನ್ನಿನಿಂದ ಹೊರಟ ಹಡಗು ನಾಲ್ಕು ತಿಂಗಳು ಸಮುದ್ರದ ಮೇಲಿದ್ದು, ಎರಡು ಬಾರಿ ಸಮಭಾಜಕವೃತ್ತ ದಾಟಿ, ಕಲ್ಕತ್ತೆಗೆ ಮಂಜುಗಡ್ಡೆ ತಂದಿತು. ಅಂಥ ಮಂಜುಗಡ್ಡೆಯ ದಾಸ್ತಾನಿಗೆ 1842ರಲ್ಲಿ ಕಟ್ಟಿದ ಐಸ್ ಹೌಸ್ ಮದರಾಸಿನ ಕಡಲ ದಂಡೆಯಲ್ಲಿ ಇಂದಿಗೂ ಇದೆ. ಸ್ವಾಮಿ ವಿವೇಕಾನಂದರು 1897ರಲ್ಲಿ ತಂಗಿದ್ದ ಕಾರಣಕ್ಕೆ ಅದಕ್ಕೆ ಈಗ ಅವರ ಹೆಸರು. ಆ ವ್ಯಾಪಾರವೆಲ್ಲ ನಿಂತಿದ್ದುದು ಮರದ ಒಂದು ಗುಣದ ಮೇಲೆ. ಮರ ಶಾಖವನ್ನು ಸುಲಭವಾಗಿ ದಾಟಲು ಬಿಡುವುದಿಲ್ಲ. ಈ ವಿಷಯದಲ್ಲಿ ಅದು ಉಕ್ಕಿಗಿಂತ ನೂರಾರು ಪಟ್ಟು ಜಿಪುಣ. ಹೊರಗಿನ ಬಿಸಿ ಒಳಗೆ ಬರಬಾರದು ಎಂದಾಗ ಈ ಜಿಪುಣತನ ವರ. ಇವತ್ತು ಅದೇ ಮರ, ಅದೇ ಗುಣ, ಫ್ರಿಜ್ಜಿನ ಪಕ್ಕದಲ್ಲಿ ಶಾಪವಾಗುತ್ತದೆ.

ಹೇಗೆ? ಫ್ರಿಜ್ ತಂಪನ್ನು 'ತಯಾರಿಸುವ' ಯಂತ್ರವಲ್ಲ. ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಚೆಲ್ಲುವ ಯಂತ್ರ. ಬಾವಿಯಿಂದ ನೀರು ಸೇದಿ ಹೊರಗೆ ಸುರಿದಂತೆ. ಒಳಗೆ ಸುತ್ತುವ ಅನಿಲ ಹಾಲು, ಹಣ್ಣು, ಬಿಸಿಯಾರದೆ ಇಟ್ಟ ಸಾರಿನ ಶಾಖವನ್ನು ಹೀರಿಕೊಳ್ಳುತ್ತದೆ. ಕಂಪ್ರೆಸರ್ ಆ ಅನಿಲವನ್ನು ಅದುಮಿ ಇನ್ನೂ ಬಿಸಿ ಮಾಡಿ ಹೊರಗಿನ ಕೊಳವೆಗಳಿಗೆ ನೂಕುತ್ತದೆ. ಅಲ್ಲಿ ಅದು ಸುತ್ತಲ ಗಾಳಿಗೆ ಶಾಖ ಕೊಟ್ಟು ದ್ರವವಾಗಿ ಹಿಂದಿರುಗುತ್ತದೆ. ಹೊರಗೆ ಬೀಳುವುದು ಒಳಗಿಂದ ಸೇದಿದ ಶಾಖವೊಂದೇ ಅಲ್ಲ, ಸೇದಲು ಖರ್ಚಾದ ವಿದ್ಯುತ್ತೂ ಶಾಖವಾಗಿ ಅದಕ್ಕೆ ಸೇರುತ್ತದೆ. ಕಂಪ್ರೆಸರ್ 100 ವ್ಯಾಟ್ ತಿಂದು ಒಳಗಿಂದ 150 ವ್ಯಾಟ್ ಶಾಖ ಎತ್ತಿತೆಂದರೆ, ಅಡುಗೆಮನೆಗೆ ಬೀಳುವುದು 250. ಫ್ರಿಜ್ಜಿನ ಬಾಗಿಲು ತೆರೆದಿಟ್ಟರೆ ಕೋಣೆ ತಂಪಾಗುತ್ತದೆ ಎಂದು ನಂಬಿದವರಿಗೆ ಈ ಲೆಕ್ಕ ಸಾಕು.

ಹಿಂದೆ ಈ ಶಾಖ ಬಿಡುವ ಕೊಳವೆಗಳು ಫ್ರಿಜ್ಜಿನ ಬೆನ್ನಿನ ಮೇಲೆ, ಕಪ್ಪು ತಂತಿಯ ಜಾಲರಿಯಾಗಿ ಎದ್ದು ಕಾಣುತ್ತಿದ್ದವು. ಅಮೆರಿಕದಲ್ಲಿ 1927ರಲ್ಲಿ ಬಂದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜನಪ್ರಿಯ ಮಾದರಿಯಲ್ಲಂತೂ ಇಡೀ ಯಂತ್ರ ಪೆಟ್ಟಿಗೆಯ ನೆತ್ತಿಯ ಮೇಲೆ ಕಿರೀಟದಂತೆ ಬಯಲಲ್ಲೇ ಕೂತಿತ್ತು. ನಮ್ಮ ಮನೆಗಳಲ್ಲಿ ಆ ಬೆನ್ನಿನ ಬಿಸಿಯ ಪರಿಚಯ ಚೆನ್ನಾಗಿಯೇ ಇತ್ತು. ಮಳೆಗಾಲದಲ್ಲಿ ಒಣಗದ ಕಾಲುಚೀಲ ಅಲ್ಲಿ ಒಣಗುತ್ತಿತ್ತು. ಡಿಸೆಂಬರ್ ಚಳಿಯಲ್ಲಿ ದೋಸೆ ಹಿಟ್ಟಿನ ಪಾತ್ರೆಯನ್ನು ಫ್ರಿಜ್ಜಿನ ಒಳಗಲ್ಲ, ಹಿಂದೆ ಇಟ್ಟು ಹುಳಿ ಬರಿಸಿದ ಅಜ್ಜಿಯರು ಶಾಖಶಾಸ್ತ್ರವನ್ನು ಯಾವ ಶಾಲೆಯಲ್ಲೂ ಕಲಿತಿರಲಿಲ್ಲ. ಈಚಿನ ಹೆಚ್ಚಿನ ಫ್ರಿಜ್ಜುಗಳಲ್ಲಿ ಆ ಜಾಲರಿ ಮಾಯ. ಕೊಳವೆಗಳನ್ನು ಪಕ್ಕದ ತಗಡಿನ ಒಳಮೈಗೆ ಅಂಟಿಸಿರುತ್ತಾರೆ. ಬೆನ್ನು ನುಣುಪಾಯಿತು, ಒರೆಸಲು ಸುಲಭವಾಯಿತು, ಪಕ್ಕೆ ಬಿಸಿಯಾಯಿತು. ಕೆಲವು ದೊಡ್ಡ ಮಾದರಿಗಳಲ್ಲಿ ಹಿಂಬದಿಯ ಕೆಳಭಾಗದಲ್ಲಿ ಸಣ್ಣ ಫ್ಯಾನ್ ಇಟ್ಟು ಗಾಳಿ ಎಳೆಸುತ್ತಾರೆ. ಅಂತೂ ಎಲ್ಲಿಂದಲೋ ಆ ಬಿಸಿ ಹೊರಗೆ ಹೋಗಲೇಬೇಕು.

ಬಡಗಿ ಹೊಡೆದ ಹಲಗೆ ಆ ದಾರಿಯನ್ನು ಮುಚ್ಚುತ್ತದೆ. ಹಲಗೆಗೂ ತಗಡಿಗೂ ನಡುವೆ ಸಿಕ್ಕಿಬಿದ್ದ ಗಾಳಿ ಕಾಯುತ್ತದೆ. ಕಾದ ಗಾಳಿಗೆ ಶಾಖ ಕೊಡಲಾರದೆ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ. ಹೆಚ್ಚು ಓಡಿದಷ್ಟೂ ಇನ್ನಷ್ಟು ಶಾಖ, ಇನ್ನಷ್ಟು ಬಿಲ್ಲು, ಯಂತ್ರದ ಆಯುಸ್ಸಿಗೆ ಕತ್ತರಿ. ಬೆಂಗಳೂರು ತಂಪು ಊರು, ಇಲ್ಲಿ ಇದೆಲ್ಲ ನಡೆಯುತ್ತದೆ ಎಂಬ ಧೈರ್ಯವೂ ಈಗ ಉಳಿದಿಲ್ಲ. 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣತೆ 39.2 ಡಿಗ್ರಿ ಮುಟ್ಟಿತ್ತು. ಅಡುಗೆಕಟ್ಟೆಯ ಒಂದು ತುದಿಗೆ ಒಲೆ, ಇನ್ನೊಂದು ತುದಿಗೆ ಉಸಿರು ಕಟ್ಟಿದ ಫ್ರಿಜ್. ನಡುವೆ ನಿಂತು ಬೇಯುವವರು ಯಾರೆಂದು ಹೇಳಬೇಕಾಗಿಲ್ಲ. ನೆಂಟರು ಹೊಗಳಿದ ಚೌಕಟ್ಟಿನ ಬೆಲೆಯನ್ನು ದಿನಾ ಕೊಡುವುದು ಅವರೇ.

ಬಿಲ್ಲಿಗಿಂತ ದೊಡ್ಡ ಮಾತು ಒಂದಿದೆ. ಓಜೋನ್ ಪದರಕ್ಕೆ ಕುತ್ತು ತರುತ್ತಿದ್ದ ಹಳೆಯ ಅನಿಲವನ್ನು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಂತಹಂತವಾಗಿ ಕೈಬಿಡಲಾಯಿತು. ಇಂದು ಮನೆಯ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಬಳಸುವುದು ಆರ್-600ಎ, ಅಂದರೆ ಐಸೋಬ್ಯೂಟೇನ್. ಅಡುಗೆ ಅನಿಲದ ಹತ್ತಿರದ ನೆಂಟ. ಒಂದು ಫ್ರಿಜ್ಜಿನಲ್ಲಿ ಇರುವುದು ಕೆಲವು ಹತ್ತು ಗ್ರಾಂ ಮಾತ್ರ, ಕೊಳವೆ ಭದ್ರವಾಗಿರುವವರೆಗೆ ಭಯವಿಲ್ಲ. ಆದರೆ ಚೌಕಟ್ಟಿನ ಪಟ್ಟಿ ಅಲುಗಾಡದಿರಲೆಂದು ಫ್ರಿಜ್ಜಿನ ಮೈಗೇ ಸ್ಕ್ರೂ ತಿರುಗಿಸಿದರೆ ಅದು ನೇರ ಕೊಳವೆಗೇ ತಾಗಬಹುದು. ಅನಿಲ ಹೋದರೆ ಫ್ರಿಜ್ ಹೋಯಿತು; ಮುಚ್ಚಿದ ಗೂಡಿನಲ್ಲಿ ಅದು ತುಂಬಿಕೊಂಡು ಕಿಡಿ ತಾಗಿದರೆ ಅನಾಹುತ. ಫ್ರಿಜ್ಜಿನ ಮೈಗೆ ಮೊಳೆ, ಸ್ಕ್ರೂ ಮುಟ್ಟಲೇಬಾರದು. ಈ ಒಂದು ಮಾತನ್ನು ಬಡಗಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹಾಗಾದರೆ ಅಲಂಕಾರವೇ ಬೇಡವೇ? ಅಷ್ಟು ಕಠೋರರಾಗಬೇಕಿಲ್ಲ. ತೆರಪಿನ ಸುತ್ತ ಚೌಕಟ್ಟು ಕಟ್ಟಿ ಅದನ್ನು ಚೆಂದ ಮಾಡುವುದು ಕನ್ನಡ ನಾಡಿನ ರಕ್ತದಲ್ಲೇ ಇದೆ. ಗದಗದ ಹತ್ತಿರದ ಲಕ್ಕುಂಡಿಗೆ ಹೋಗಿ, ಕಾಶೀವಿಶ್ವೇಶ್ವರ ಗುಡಿಯ ಬಾಗಿಲವಾಡದ ಮುಂದೆ ನಿಂತು ನೋಡಿ. ಬಾಗಿಲಿನ ಸುತ್ತ ಒಂದರ ಪಕ್ಕ ಒಂದು ಪಟ್ಟಿ. ಒಂದರಲ್ಲಿ ಬಳ್ಳಿ, ಒಂದರಲ್ಲಿ ಕಂಬ, ಇನ್ನೊಂದರಲ್ಲಿ ಮನುಷ್ಯರ ಸಾಲು. ಶಿಲ್ಪಿಗಳ ಮಾತಿನಲ್ಲಿ ಇವು 'ಶಾಖೆ'ಗಳು. ಮೂರಿದ್ದರೆ ತ್ರಿಶಾಖೆ, ಐದಿದ್ದರೆ ಪಂಚಶಾಖೆ, ಏಳಿದ್ದರೆ ಸಪ್ತಶಾಖೆ. ಶಾಖೆ ಎಂದರೆ ಕೊಂಬೆ ಎಂಬುದನ್ನು ಗಮನಿಸಬೇಕು. ಕಲ್ಲಿನ ಗುಡಿಗಳ ರೂಪಗಳಲ್ಲಿ ಎಷ್ಟೋ ಮರದ ಕಟ್ಟಡಗಳಿಂದ ಬಂದವು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಕಲ್ಲಿಗೆ ಪಟ್ಟಿಯ ಮೇಲೆ ಪಟ್ಟಿ ಬೇಕಿಲ್ಲ, ಮರಕ್ಕೆ ಬೇಕು. ಗೋಡೆಗೂ ಬಾಗಿಲಿಗೂ ನಡುವಿನ ಸಂದನ್ನು ಮುಚ್ಚಲು. ಇವತ್ತು ಬಡಗಿ ಫ್ರಿಜ್ಜಿನ ಸುತ್ತ ಹೊಡೆಯುವ ಬೀಡಿಂಗ್ ಈ ವಂಶದ ಬಡ ಮೊಮ್ಮಗು.

ಆದರೆ ಬಾಗಿಲವಾಡ ತೆರಪನ್ನು ಮುಚ್ಚಲಿಲ್ಲ. ಬೆಳಕು ಬೇಕಾದಲ್ಲಿ, ಗಾಳಿ ಬೇಕಾದಲ್ಲಿ ನಮ್ಮವರು ಇನ್ನೊಂದು ಉಪಾಯ ಮಾಡಿದರು. ಅದೇ ಜಾಲಂಧ್ರ. 1117ರ ಬೇಲೂರಿನ ಚೆನ್ನಕೇಶವ ಗುಡಿಯ ನವರಂಗದ ಸುತ್ತ ನಿಂತಿರುವ ತೂತಿನ ಕಲ್ಲುಪರದೆಗಳು ಮೊದಲಿಗೆ ಇರಲಿಲ್ಲ, ಮುಂದೆ ವೀರಬಲ್ಲಾಳನ ಕಾಲದಲ್ಲಿ ಸೇರಿದವು ಎನ್ನುತ್ತಾರೆ. ತೆರೆದ ಮಂಟಪವನ್ನು ಮುಚ್ಚಬೇಕಾಗಿ ಬಂತು, ಆದರೂ ಉಸಿರು ಕಟ್ಟಿಸಲಿಲ್ಲ. ಅಲಂಕಾರವನ್ನೇ ಕಿಂಡಿ ಮಾಡಿದರು.

ಮಲೆನಾಡಿನ ಅಡುಗೆಮನೆಯ ಮರವೂ ಇಂಥದೇ ಕೆಲಸ ಮಾಡುತ್ತಿತ್ತು. ಒಲೆಯ ಮೇಲೆ ಅಟ್ಟ, ಅಟ್ಟದ ಹಲಗೆಗಳ ನಡುವೆ ಬೇಕೆಂದೇ ಬಿಟ್ಟ ಸಂದು. ಬಿಸಿಯೂ ಹೊಗೆಯೂ ಆ ಸಂದಿನಿಂದ ಏರಿ ಅಡಿಕೆ, ಬಿತ್ತನೆಯ ಬೀಜ, ಮಳೆಗಾಲದ ಸೌದೆಗಳನ್ನು ಒಣಗಿಸಿ, ಹಂಚಿನ ಸಂದಿಯಿಂದಲೋ ಹೊಗೆಕಿಂಡಿಯಿಂದಲೋ ಹೊರಗೆ ಹೋಗುತ್ತಿತ್ತು. ಮಸಿ ಹಿಡಿದ ತೊಲೆಗೆ ಹುಳ ಬೀಳುತ್ತಿರಲಿಲ್ಲ. ಆ ಅಡುಗೆಮನೆ ಸುಖದ್ದಾಗಿತ್ತು ಎಂದು ಯಾರೂ ಹೇಳಬಾರದು. ಹೊಗೆಯಲ್ಲಿ ಕಣ್ಣು ಕೆಡಿಸಿಕೊಂಡ ಹೆಂಗಸರ ಲೆಕ್ಕ ಇಟ್ಟವರಿಲ್ಲ. ಆದರೆ ಬಿಸಿ ಮೇಲಕ್ಕೇರುತ್ತದೆ, ಅದಕ್ಕೆ ದಾರಿ ಬೇಕು ಎಂಬುದನ್ನು ಆ ಬಡಗಿ ಮರೆತಿರಲಿಲ್ಲ.

ಇನ್ನು ಬೆಂಗಳೂರಿನದೇ ಮಾದರಿ ಬೇಕೆಂದರೆ 'ಮಂಕಿ ಟಾಪ್' ಇದೆ. ದಂಡುಪ್ರದೇಶ, ರಿಚ್ಮಂಡ್ ಟೌನ್, ಮಲ್ಲೇಶ್ವರ, ಬಸವನಗುಡಿಯ ಹಳೆಯ ಬಂಗಲೆಗಳಲ್ಲಿ ಕಿಟಕಿಯ ಮೇಲೆ, ಮುಂಬಾಗಿಲ ಚಾವಣಿಯ ಕೆಳಗೆ ಚೂಪಾಗಿ ಇಳಿಬಿಟ್ಟ ಮರದ ಮುಂಗುಟ. ಅದರಲ್ಲಿ ಅಡ್ಡಡ್ಡ ಹೆಣೆದ ತೆಳು ಪಟ್ಟಿಗಳು, ಅಂಚಿಗೆ ಕತ್ತರಿಸಿದ ಹಲ್ಲು ಹಲ್ಲು ಚಿತ್ತಾರ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಇವು ಬೆಂಗಳೂರಿನ ಗುರುತೇ ಆಗಿದ್ದವು. ಹೆಸರು ಯಾಕೆ ಬಂತೆಂಬುದಕ್ಕೆ ಕೋತಿಗಳ ಕಥೆ ಹೇಳುತ್ತಾರೆ, ಇರಲಿ. ಬಿಸಿಲು, ಎರಚಲು ತಡೆದು ಗಾಳಿಯನ್ನು ಮಾತ್ರ ಒಳಗೆ ಬಿಡುವ ಈ ಮರದ ಅಂಚು ಪೂರಾ ಅಲಂಕಾರ, ಪೂರಾ ಉಪಯೋಗ. ಬಂಗಲೆಗಳು ಒಂದೊಂದಾಗಿ ಉರುಳಿದಂತೆ ಅವೂ ಹೋದವು. ಬಿಳೇಕಹಳ್ಳಿಯಲ್ಲೇ ಇರುವ ಭಾರತೀಯ ನಿರ್ವಹಣಾ ಸಂಸ್ಥೆಯ, ಅಂದರೆ ಐ.ಐ.ಎಂ.ನ ಆವರಣವನ್ನು ರೂಪಿಸಿದ ಬಿ.ವಿ. ದೋಶಿ ಮರ ಬಳಸದೆ ಇದೇ ಮಾತನ್ನು ಬೇರೆ ರೀತಿ ಹೇಳಿದ್ದಾರೆ. ಒರಟು ಕಲ್ಲಿನ ಗೋಡೆಗಳ ನಡುವಿನ ಉದ್ದದ ಓಣಿಗಳಿಗೆ ಪೂರ್ತಿ ಚಾವಣಿ ಹಾಕದೆ, ಅಲ್ಲಲ್ಲಿ ಅಡ್ಡತೊಲೆಗಳ ಚಪ್ಪರ ಹಾಕಿ ಬಿಸಿಲು ನೆರಳನ್ನೂ ಗಾಳಿಯನ್ನೂ ಒಳಗೆ ಬಿಟ್ಟುಕೊಂಡಿದ್ದಾರೆ. 2018ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದ ಆ ವಾಸ್ತುಶಿಲ್ಪಿಯ ಓಣಿಯಿಂದ ಕೂಗಳತೆಯಲ್ಲಿರುವ ಅಡುಗೆಮನೆಗಳಲ್ಲಿ ಫ್ರಿಜ್ಜುಗಳು ಉಸಿರಿಗೆ ಒದ್ದಾಡುತ್ತಿವೆ.

ಬಡಗಿಯನ್ನು ಬೈದು ಪ್ರಯೋಜನವಿಲ್ಲ. ಹಳೆಯ ಆಚಾರಿ ಮನೆಯಲ್ಲೇ ತಿಂಗಳುಗಟ್ಟಲೆ ಕೆಲಸ ಮಾಡಿ, ಮನೆಯವರ ಜೊತೆ ಕಾಫಿ ಕುಡಿದು, ಮರದ ಜಾತಿಯನ್ನು ಮೂಸಿ ಹೇಳುತ್ತಿದ್ದವನು. ಈಗ ಕೆಲಸಕ್ಕೆ ಬರುವವರಲ್ಲಿ ರಾಜಸ್ಥಾನ, ಉತ್ತರ ಪ್ರದೇಶಗಳಿಂದ ಬಂದ ಹುಡುಗರೇ ಬಹಳ. ಕೈ ಚುರುಕು, ಆದರೆ ಗಡುವು ಅದಕ್ಕಿಂತ ಚುರುಕು. ಮರವೂ ಬದಲಾಗಿದೆ. ಮಲ್ಲೇಶ್ವರದಲ್ಲಿ 1938ರಲ್ಲಿ ಮೈಸೂರು ಸಂಸ್ಥಾನ ಶುರು ಮಾಡಿದ ಅರಣ್ಯ ಸಂಶೋಧನಾಲಯ ತೇಗ, ಬೀಟೆ, ಮತ್ತಿ, ಹೊನ್ನೆಗಳ ನಾಡಿನಲ್ಲಿ ಹುಟ್ಟಿದ್ದು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕಾಡುಮರ ಕಡಿತಕ್ಕೂ ಪರವಾನಗಿಯಿಲ್ಲದ ಸಾಮಿಲ್ಲುಗಳಿಗೂ ಕಡಿವಾಣ ಹಾಕಿದ ಮೇಲೆ ಪ್ಲೈವುಡ್ಡಿನ ಹೊಟ್ಟೆ ತುಂಬಲು ನೀಲಗಿರಿ, ಸಿಲ್ವರ್ ಓಕ್, ಉತ್ತರದ ಪಾಪ್ಲರ್‌ನಂಥ ನೆಟ್ಟು ಬೆಳೆಸಿದ ಮರಗಳೇ ಹೆಚ್ಚು ಬೇಕಾದವು. ಮೇಲೆ ಅಂಟಿಸಿದ ತೇಗದ ತೆಳು ಪದರ ಅಥವಾ ತೇಗದ ಚಿತ್ರ ಅಚ್ಚಾದ ಲ್ಯಾಮಿನೇಟ್ ಮಾತ್ರ ಕಣ್ಣಿಗೆ.

ಅಂಗಡಿಯಲ್ಲಿ ಪ್ಲೈವುಡ್ ಕೊಳ್ಳುವಾಗ ಹಲಗೆಯ ಮೇಲಿನ ಮುದ್ರೆ ಓದಬೇಕು. ಐ.ಎಸ್. 303 ಎಂಬುದು ಸಾಮಾನ್ಯ ಬಳಕೆಯದು. ಅದರಲ್ಲೇ ಎರಡು ದರ್ಜೆ. ತೇವ ತಡೆಯುವ ಎಂ.ಆರ್., ಕುದಿನೀರು ತಡೆಯುವ ಬಿ.ಡಬ್ಲ್ಯು.ಆರ್. ಐ.ಎಸ್. 710 ಎಂದರೆ ದೋಣಿಗೂ ಆದೀತು ಎಂಬ ದರ್ಜೆ. ಎಂ.ಆರ್. ಹಲಗೆಯ ಅಂಟು ಯೂರಿಯಾದ್ದು, ಮಲಗುವ ಕೋಣೆಯ ಬೀರುವಿಗೆ ಸರಿ. ಅಡುಗೆಮನೆಯ ತೇವ, ಫ್ರಿಜ್ಜಿನ ಪಕ್ಕದ ಬಿಸಿ ಎರಡನ್ನೂ ಹಗಲಿರುಳು ತಿನ್ನುವ ಹಲಗೆಗೆ ಫಿನಾಲ್ ಅಂಟಿನ ಬಿ.ಡಬ್ಲ್ಯು.ಆರ್. ಆದರೂ ಬೇಕು.

ಬೀಡಿಂಗ್ ಮಾತ್ರ ಗಟ್ಟಿ ಮರದ್ದಾದರೆ ಅದಕ್ಕೊಂದು ಬೇರೆ ಸ್ವಭಾವ. ಮರ ಸತ್ತ ಮೇಲೂ ಉಸಿರಾಡುತ್ತದೆ. ಮಾರ್ಚ್‌ನ ಒಣ ಗಾಳಿಗೆ ಕುಗ್ಗಿ, ಆಗಸ್ಟಿನ ತೇವಕ್ಕೆ ಹಿಗ್ಗುತ್ತದೆ. ಉದ್ದಕ್ಕೆ ಆಗುವ ವ್ಯತ್ಯಾಸ ನಗಣ್ಯ, ಅಗಲಕ್ಕೆ ಆಗುವುದೇ ಹೆಚ್ಚು. ಅದಕ್ಕೇ ಹಳೆಯ ಬಾಗಿಲುಗಳಲ್ಲಿ ನಡುವಿನ ಹಲಗೆಗೆ ಅಂಟು ಹಾಕದೆ, ಚೌಕಟ್ಟಿನ ಗಾಡಿಯೊಳಗೆ ಸುಮ್ಮನೆ ಕೂರಿಸುತ್ತಿದ್ದರು. ಅದು ಒಳಗೇ ಹಿಗ್ಗಿ ಕುಗ್ಗಿಕೊಳ್ಳುತ್ತಿತ್ತು, ಸೀಳು ಬಿಡುತ್ತಿರಲಿಲ್ಲ. ಫ್ರಿಜ್ಜಿನ ಬಿಸಿ ಬಡಿಯುವ ಕಡೆ ಅಗಲವಾದ ಗಟ್ಟಿ ಹಲಗೆಯನ್ನು ಪೂರಾ ಅಂಟಿಸಿ ಬಿಟ್ಟರೆ ಒಂದು ಬೇಸಿಗೆಯಲ್ಲಿ ಮೂಲೆಯ ನಲವತ್ತೈದು ಡಿಗ್ರಿ ಜೋಡಣೆ ಬಾಯಿ ಬಿಡುತ್ತದೆ. ಕಿರಿದಾದ ಪಟ್ಟಿ, ಚೆನ್ನಾಗಿ ಒಣಗಿದ ಮರ. ಇಷ್ಟಿದ್ದರೆ ಸಾಕು.

ಈಗ ಕೆಲಸದ ರೀತಿ. ಮೊದಲ ಮಾತು, ಫ್ರಿಜ್ಜಿನ ಜೊತೆ ಬರುವ ಕೈಪಿಡಿಯನ್ನು ಬಡಗಿ ಬರುವ ಮುನ್ನ ತೆರೆಯಬೇಕು. ಪಕ್ಕಕ್ಕೆ ಇಷ್ಟು, ಹಿಂದೆ ಇಷ್ಟು, ಮೇಲೆ ಇಷ್ಟು ಜಾಗ ಬಿಡಿ ಎಂದು ಅದರಲ್ಲಿ ಚಿತ್ರ ಬಿಡಿಸಿರುತ್ತಾರೆ. ಮಾದರಿಯಿಂದ ಮಾದರಿಗೆ ಬೇರೆ ಬೇರೆ, ಒಂದು ಮನೆಯ ಅಳತೆ ಇನ್ನೊಂದಕ್ಕೆ ಸಲ್ಲದು. ಆ ಜಾಗ ಬಿಟ್ಟ ಮೇಲೆ ಅದಕ್ಕೆ ಹೊರಗೆ ಹಲಗೆ ನಿಲ್ಲಬೇಕು. ಸಂದು ಕಾಣುತ್ತದಲ್ಲ ಎಂದರೆ, ಮುಂಭಾಗದಲ್ಲಿ ಅದನ್ನು ಪೂರಾ ಮುಚ್ಚದೆ, ಮಂಕಿ ಟಾಪಿನಂತೆ ತೆಳು ಪಟ್ಟಿಗಳನ್ನು ಬಿಡಿಬಿಡಿಯಾಗಿ ನಿಲ್ಲಿಸಬಹುದು. ದೂರದಿಂದ ನೋಡಿದವರಿಗೆ ಗೆರೆಗಳ ಚಿತ್ತಾರ ಕಾಣುತ್ತದೆ, ಗಾಳಿಗೆ ದಾರಿ ಸಿಗುತ್ತದೆ.

ಕೆಳಗೆ ಪಾದದ ಬಳಿ ತಣ್ಣನೆಯ ಗಾಳಿ ಒಳಬರಬೇಕು, ನೆತ್ತಿಯಲ್ಲಿ ಬಿಸಿ ಗಾಳಿ ಹೊರಹೋಗಬೇಕು. ಅಡುಗೆ ಒಲೆಗೂ ಅಟ್ಟಕ್ಕೂ ಇದ್ದ ಸಂಬಂಧವೇ ಇದು. ಕಪಾಟಿನೊಳಗೇ ಕೂರಲೆಂದು ತಯಾರಾದ ಯೂರೋಪಿನ ಫ್ರಿಜ್ಜುಗಳ ಕೈಪಿಡಿಗಳಲ್ಲಿ ಕೆಳಗೂ ಮೇಲೂ ಸುಮಾರು 200 ಚದರ ಸೆಂಟಿಮೀಟರ್ ತೆರಪು ಬೇಕೆನ್ನುವುದುಂಟು. ಎರಡು ಅಂಗೈ ಜೋಡಿಸಿ ಹಿಡಿದಷ್ಟು ಎಂದಿಟ್ಟುಕೊಳ್ಳಿ. ಮೇಲೆ ಲಾಫ್ಟ್ ಬೇಕೇಬೇಕು, ದೀಪಾವಳಿಯ ಪಾತ್ರೆ ಎಲ್ಲಿಡುವುದು ಎಂದರೆ, ಲಾಫ್ಟಿನ ಹಿಂದೆ ಗೋಡೆಗಂಟಿ ಒಂದು ಗೇಣು ಬಿಟ್ಟು ಹೊಗೆಗೂಡಿನಂತೆ ಮೇಲಿನವರೆಗೆ ತೆರೆದಿಡಬೇಕು. ಅದರ ತುದಿಗೆ ಓರೆಪಟ್ಟಿಗಳ ಜಾಲರಿ. ಪ್ಲಗ್ಗು ಫ್ರಿಜ್ಜಿನ ಬೆನ್ನ ಹಿಂದೆ ಹೂತುಹೋಗದೆ ಕೈಗೆ ಸಿಗುವ ಜಾಗದಲ್ಲಿರಬೇಕು, ಹೊಗೆ ವಾಸನೆ ಬಂದ ರಾತ್ರಿ ಅದನ್ನು ಹುಡುಕುವಂತಾಗಬಾರದು.

ಬಾಗಿಲಿನದೊಂದು ತಕರಾರಿದೆ, ಬಹಳ ಮನೆಗಳಲ್ಲಿ ತಡವಾಗಿ ಗೊತ್ತಾಗುವಂಥದು. ಪಕ್ಕದ ಹಲಗೆ ಫ್ರಿಜ್ಜಿಗಿಂತ ಮುಂದೆ ಚಾಚಿದರೆ ಬಾಗಿಲು ಅಡ್ಡಕ್ಕೆ ನಿಂತುಬಿಡುತ್ತದೆ. ಬಾಗಿಲು ಇನ್ನಷ್ಟು ಹಿಂದಕ್ಕೆ ತಿರುಗದೆ ಒಳಗಿನ ತರಕಾರಿ ಟ್ರೇ ಈಚೆಗೆ ಬರುವುದಿಲ್ಲ. ಸೊಪ್ಪು ತೆಗೆಯಲು ದಿನಾ ಟ್ರೇಯನ್ನು ಓರೆ ಮಾಡಿ ಒದ್ದಾಡುವವರನ್ನು ಕೇಳಿದರೆ ಚೌಕಟ್ಟಿನ ಅಂದದ ಬಗ್ಗೆ ಬೇರೆಯೇ ಅಭಿಪ್ರಾಯ ಸಿಗುತ್ತದೆ. ಹಾಗಾಗಿ ಅಂಚಿನ ಪಟ್ಟಿ ಫ್ರಿಜ್ಜಿನ ಪೆಟ್ಟಿಗೆಯ ಅಂಚಿಗೆ ನಿಲ್ಲಬೇಕು, ಬಾಗಿಲಿನ ಮುಖಕ್ಕಲ್ಲ.

ಮುಖ್ಯವಾದ ಇನ್ನೊಂದು, ಅಂಟಿಗೆ ಬದಲು ಸ್ಕ್ರೂ. ಚೌಕಟ್ಟಿನ ಬೀಡಿಂಗ್, ಮೇಲಿನ ಜಾಲರಿ, ಕೆಳಗಿನ ಸ್ಕರ್ಟಿಂಗ್ ಇವೆಲ್ಲ ಕಪಾಟಿಗೆ ಸ್ಕ್ರೂ ಹಾಕಿ ನಿಲ್ಲಿಸಿದ್ದು, ಬೇಕಾದಾಗ ಬಿಚ್ಚುವಂಥದ್ದು ಆಗಿರಲಿ. 165 ಲೀಟರಿನ ಒಂಟಿ ಬಾಗಿಲ ಫ್ರಿಜ್ ಸುಮಾರು 55 ಸೆಂಟಿಮೀಟರ್ ಅಗಲ. ಅಕ್ಕಪಕ್ಕ ಎರಡು ಬಾಗಿಲಿನ ದೊಡ್ಡದು 90 ದಾಟುತ್ತದೆ. ಚೌಕಟ್ಟು ಇಪ್ಪತ್ತು ವರ್ಷ ಬಾಳುತ್ತದೆ, ಫ್ರಿಜ್ ಅಷ್ಟು ಬಾಳುವುದಿಲ್ಲ. ಒಂದು ದಿನ ಹೊಸದು ಬಂದು ಬಾಗಿಲಲ್ಲಿ ನಿಲ್ಲುತ್ತದೆ, ಗೂಡಿಗೆ ಹಿಡಿಸುವುದಿಲ್ಲ. ಫೆವಿಕಾಲ್ ಹಾಕಿ ಭದ್ರ ಮಾಡಿದ ಚೌಕಟ್ಟನ್ನು ಆಗ ಒಡೆಯಬೇಕಾಗುತ್ತದೆ, ಜೊತೆಗೆ ಪಕ್ಕದ ಕಪಾಟಿನ ಮೈಯೂ ಕಿತ್ತು ಬರುತ್ತದೆ. ಬಾಡಿಗೆ ಮನೆಗಳಲ್ಲಿ ಇನ್ನೂ ಕಷ್ಟ. ಮಾಲೀಕರ ಚೌಕಟ್ಟು, ಬಾಡಿಗೆದಾರರ ಫ್ರಿಜ್. ಹಿಡಿಸದ ಫ್ರಿಜ್ಜನ್ನು ಮತ್ತೆ ಹಾಲಿನಲ್ಲೇ ನಿಲ್ಲಿಸಿಕೊಂಡವರೂ ಇದ್ದಾರೆ, ಅಜ್ಜಿಯ ಕಾಲದ ಹಾಗೆ. ಕ್ರೋಶ ಬಟ್ಟೆಯೊಂದು ಕಡಿಮೆ.

ಚೌಕಟ್ಟು ಈಗಾಗಲೇ ಹೊಡೆದಾಗಿದ್ದರೆ ಕೈಚೆಲ್ಲಬೇಕಿಲ್ಲ. ಮೇಲಿನ ಅಡ್ಡಪಟ್ಟಿಯನ್ನೂ ಕೆಳಗಿನ ಸ್ಕರ್ಟಿಂಗನ್ನೂ ಬಿಚ್ಚಿಸಿ ಜಾಲರಿ ಹಾಕಿಸುವುದು ಒಂದೇ ಮಧ್ಯಾಹ್ನದ ಕೆಲಸ. ಮತ್ತೆ ಆಯುಧಪೂಜೆಯ ಹಿಂದಿನ ದಿನ ಹೇಗೂ ಮನೆಯ ಯಂತ್ರಗಳನ್ನೆಲ್ಲ ಒರೆಸಿ ತೊಳೆಯುವ ಪದ್ಧತಿ ಇದೆಯಲ್ಲ, ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರ ಎಲ್ಲಕ್ಕೂ ಕುಂಕುಮ ಬೀಳುತ್ತದೆ. ಅಂದು ಫ್ರಿಜ್ಜಿನ ಪ್ಲಗ್ಗು ತೆಗೆದು, ಚೌಕಟ್ಟಿನ ಜಾಲರಿ ಬಿಚ್ಚಿ, ಒಂದು ಹಳೆಯ ಬ್ರಷ್ಷಿನಿಂದ ಹಿಂದಿನ ದೂಳು ಬಳಿದರೆ ಆಯಿತು. ಆ ನಿಂಬೆಹಣ್ಣೂ ಅಲ್ಲೇ ಸಿಗುತ್ತದೆ.